ಪದಕ ಅಸಲಿ, ದರ್ಜೆ ನಕಲಿ: ಟೋಕಿಯೊ ಸಂತೆಯಲ್ಲಿ ನಾನು ಬೇಸ್ತುಬಿದ್ದದ್ದು

ಮೂರು ವಾರ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆಯೋದೋ ಬೇಡವೋ ಅಂತ ತುಂಬಾ ಯೋಚಿಸಿದೆ, ಯಾಕೆಂದರೆ ಇದರಲ್ಲಿ ನನ್ನ ಮಾನವೂ ಹೋಗುತ್ತದೆ. ಆದರೆ ಟೋಕಿಯೊದ ನಿಶಿ ಕಸಾಯಿ ಕಡೆ ಇರುವ ನಮ್ಮವರು ಇಬ್ಬರು ಈಚೆಗೆ "ನಾವೂ ಹಳೇ ಪದಕ ಕೂಡಿಡೋಣ ಅಂತಿದೀವಿ, ಎಲ್ಲಿ ಸಿಗುತ್ತೆ" ಎಂದು ಕೇಳಿದರು. ಎದೆ ಧಸಕ್ ಅಂತು. ಅದಕ್ಕೇ ಬರೆಯುತ್ತಿದ್ದೇನೆ. ಬಳೆ ನೋಡಿ. ಪದಕ ಕೊಳ್ಳುವ ಮೊದಲು ಬಳೆ, ಅಂದರೆ ರಿಬ್ಬನ್ ಪೋಣಿಸುವ ಆ ಪುಟ್ಟ ಉಂಗುರ, ನೋಡಿ. ಯಾಕೆ ಅಂತ ಹೇಳುತ್ತೇನೆ.

ನನಗೆ ಈ ಹುಚ್ಚು ಹತ್ತಿದ್ದು ನಮ್ಮ ಸಿ.ಎನ್.ಆರ್. ರಾವ್ ಅವರಿಂದ. 2015ರಲ್ಲಿ ಜಪಾನ್ ಸರಕಾರ ಅವರಿಗೆ ಆರ್ಡರ್ ಆಫ್ ದ ರೈಸಿಂಗ್ ಸನ್ ಎಂಬ ಗೌರವ ಪದಕ ಕೊಟ್ಟಿತಲ್ವಾ, ಆಗ ಪೇಪರಿನಲ್ಲಿ ಓದಿದ್ದೆ. ಇಲ್ಲಿಗೆ ಬಂದ ಮೇಲೆ ಅಂಥದ್ದೇ ಹಳೆಯ ಪದಕಗಳು ಸಂತೆಯಲ್ಲಿ ತಟ್ಟೆ ಬಟ್ಟಲುಗಳ ಪಕ್ಕ ಬಿದ್ದಿರುವುದು ಕಂಡು ಆಶ್ಚರ್ಯವಾಯಿತು. ಮೊದಲು ಕೊಂಡದ್ದು ಸೆತಗಾಯದ ಬೊರೊಇಚಿ ಸಂತೆಯಲ್ಲಿ, ರೆಡ್ ಕ್ರಾಸ್ ಸದಸ್ಯರ ಪದಕ, 1,000 ಯೆನ್. ಹಿಂದೆ ಮೇಜಿ 21 ಅಂತ, ಮೇಜಿ ಚಕ್ರವರ್ತಿ ಕಾಲದ 21ನೇ ವರ್ಷ ಅಂತ ಇತ್ತು. ಅಂದರೆ 1888. ನೂರಮೂವತ್ತು ವರ್ಷದ ಪದಕ ಅಂತ ಊರಿಗೆಲ್ಲ ಫೋಟೊ ಕಳಿಸಿದೆ. ಅದು ಪದಕ ಶುರುವಾದ ವರ್ಷ, ತಯಾರಾದ ವರ್ಷವಲ್ಲ ಅಂತ ಆಮೇಲೆ ಗೊತ್ತಾಯಿತು. ಆಗಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರೈಸಿಂಗ್ ಸನ್ ಶುರುವಾದದ್ದು 1875ರಲ್ಲಿ. ಮೊದಲು ಎಂಟು ದರ್ಜೆ ಇದ್ದವು, ಒಂದನೆಯದೇ ಎಲ್ಲಕ್ಕಿಂತ ಮೇಲಿನದು. 2003ರಲ್ಲಿ ಕೆಳಗಿನ ಎರಡು ತೆಗೆದರು, ಒಂದು ಎರಡು ಅನ್ನೋ ನಂಬರನ್ನೂ ತೆಗೆದರು. ಹಳೆಯವುಗಳಲ್ಲಿ ನಾಲ್ಕು, ಐದು, ಆರನೇ ದರ್ಜೆಯವು ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ನಡುವೆ ಕೆಂಪು ಗಾಜಿನ ಸೂರ್ಯ, ಸುತ್ತ ಬಿಳಿ ಎನಾಮಲ್ ಕಿರಣ, ಮೇಲೆ ಪೌಲೋನಿಯಾ ಮರದ ಹಸಿರು ಎಲೆ. ಬಿಳಿ ರಿಬ್ಬನ್ನಿಗೆ ಎರಡೂ ಕಡೆ ಕೆಂಪು ಅಂಚು. ನಾಲ್ಕನೇ ದರ್ಜೆಯಾದರೆ ಕಿರಣದ ಅಂಚೆಲ್ಲ ಚಿನ್ನದ ಬಣ್ಣ. ಐದನೆಯದಾದರೆ ಒಂದು ಚಿನ್ನ ಒಂದು ಬೆಳ್ಳಿ. ಆರನೆಯದಾದರೆ ಪೂರ್ತಿ ಬೆಳ್ಳಿ. ನಾಲ್ಕನೆಯದಕ್ಕೆ ರಿಬ್ಬನ್ ಮೇಲೆ ಅದೇ ಬಟ್ಟೆಯ ದುಂಡನೆ ಹೂವು ಹೊಲಿದಿರುತ್ತಾರೆ. ಇಷ್ಟೇ ವ್ಯತ್ಯಾಸ. ಈ ಇಷ್ಟೇ ವ್ಯತ್ಯಾಸದಲ್ಲೇ ದುಡ್ಡು.

ಒಂದು ಭಾನುವಾರ, ಒಂದು ದೇವಸ್ಥಾನದ ಅಂಗಳದ ಸಂತೆ. ಯಾವುದು ಅಂತ ಬರೆಯುವುದಿಲ್ಲ. ನೀಲಿ ಟಾರ್ಪಾಲಿನ ಮೇಲೆ ಕತ್ತಿಯ ಹಿಡಿ, ಹಳೇ ಗಡಿಯಾರ, ನಡುವೆ ಕಪ್ಪು ಅರಗಿನ ಡಬ್ಬಿ. ಮುಚ್ಚಳದ ಮೇಲೆ ಬಂಗಾರದ ಬಣ್ಣದ ಅಕ್ಷರ. ನಾನು ಬಗ್ಗಿ ನಿಂತು ಓದಿದೆ. ಜೋರಾಗಿಯೇ ಓದಿದೆ, ಎಲ್ಲರಿಗೂ ಕೇಳಲಿ ಅಂತ. "ಕುನ್ ಯೊನ್ತೋ, ಕ್ಯೊಕುಜಿತ್ಸು ಶೋಜುಶೋ." ನಾಲ್ಕನೇ ದರ್ಜೆ, ಉದಯಸೂರ್ಯ.

ವ್ಯಾಪಾರಿ ಕೈ ಜೋಡಿಸಿ ನಕ್ಕ. "ನಿಹೊಂಗೊ ಓಜೋಜು ದೆಸು ನೆ." ನಿಮ್ಮ ಜಪಾನೀಸ್ ಎಷ್ಟು ಚೆನ್ನಾಗಿದೆ!

ಇಲ್ಲಿರುವವರಿಗೆ ಈ ಮಾತು ಗೊತ್ತೇ ಇದೆ. "ಅರಿಗಾತೋ" ಅಂದರೂ ಹೀಗೇ ಹೊಗಳುತ್ತಾರೆ. ಅದನ್ನು ಕೇಳಿ ನಗುವವನೇ ನಾನು. ಆವತ್ತು ಮಾತ್ರ ಉಬ್ಬಿಹೋದೆ.

ಡಬ್ಬಿ ತೆಗೆದೆ. ಚಿನ್ನದ ಹೊಳಪು. ಹೂವು ಇತ್ತು. ತಿರುಗಿಸಿದೆ, ಎಲೆಯ ಹಿಂದೆ ಇರಬೇಕಾದ ನಾಲ್ಕು ಅಕ್ಷರ ಇದ್ದವು. ಗಾಜು ಸರಿ, ಎನಾಮಲ್ ಸರಿ. ನನಗೆ ಗೊತ್ತಿದ್ದ ಪರೀಕ್ಷೆ ಎಲ್ಲ ಪಾಸು. ಜೊತೆಗಿನ ಪ್ರಶಸ್ತಿ ಪತ್ರ, ಅಂದರೆ ಕುನ್ಕಿ, ಎಲ್ಲಿ ಅಂತ ಕೇಳಿದೆ. ಅದರಲ್ಲಿ ಪಡೆದವರ ಹೆಸರು, ದರ್ಜೆ ಎಲ್ಲ ಇರುತ್ತದೆ. "ಮನೆಯವರು ಇಟ್ಟುಕೊಂಡರು, ಅಜ್ಜನ ಹೆಸರು ಇದೆಯಲ್ಲ. ಇದು ಉಬುದಾಶಿ" ಅಂದ. ಉಬುದಾಶಿ ಅಂದರೆ ಯಾರದೋ ಹಳೇ ಮನೆಯ ಉಗ್ರಾಣದಿಂದ ನೇರವಾಗಿ ಬಂದದ್ದು, ಬೇರೆ ವ್ಯಾಪಾರಿಯ ಕೈ ತಾಗದ್ದು. ಈ ಪದ ಕೇಳಿದರೆ ಕೂಡಿಡುವವರ ಬಾಯಲ್ಲಿ ನೀರು ಬರುತ್ತದೆ. ನನ್ನ ಬಾಯಲ್ಲೂ ಬಂತು.

65,000 ಯೆನ್ ಹೇಳಿದ. ನಾನು ಸುಮ್ನೆ ನಿಂತೆ. "ಬೆಂಕ್ಯೋ ಶಿಮಾಸು" ಅಂದು 60,000ಕ್ಕೆ ಇಳಿಸಿದ. ಬೆಂಕ್ಯೋ ಅಂದರೆ ಓದು, ಕಲಿಕೆ. ವ್ಯಾಪಾರದ ಮಾತಿನಲ್ಲಿ ರಿಯಾಯಿತಿ. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ನೋಟು ಎಣಿಸಿ ಕೊಟ್ಟೆ, ರಸೀದಿ ಕೇಳಿದೆ, ಮಡಿಸಿ ಕೊಟ್ಟ. ಬಿಡಿಸಿ ಓದಲಿಲ್ಲ. ಅಷ್ಟು ಜೋರಾಗಿ ಡಬ್ಬಿ ಓದಿದವನು ರಸೀದಿ ಓದಲಿಲ್ಲ!

ಮುಂದಿನ ಶನಿವಾರ ಟೋಕಿಯೊದ ಹಳೇ ಪುಸ್ತಕದಂಗಡಿಗಳ ಬಡಾವಣೆ ಜಿಂಬೋಚೋದಲ್ಲಿ ಪರಿಚಯದ ಹಿರಿಯರೊಬ್ಬರಿಗೆ ತೋರಿಸಿದೆ. ನಲವತ್ತು ವರ್ಷದಿಂದ ಪದಕ ಕೂಡಿಸುತ್ತಿರುವವರು. ತೋರಿಸಿದ್ದು ಕೇಳೋಕಲ್ಲ, ಜಂಬ ಕೊಚ್ಚಿಕೊಳ್ಳೋಕೆ. ಅವರು ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಕಣ್ಣಿಗಿಟ್ಟುಕೊಂಡು ಸೂರ್ಯನನ್ನು ನೋಡಲೇ ಇಲ್ಲ. ಸೀದಾ ಮೇಲಿನ ಬಳೆ ನೋಡಿದರು. ರಿಬ್ಬನ್ ಪೋಣಿಸುತ್ತಾರಲ್ಲ, ಆ ಪುಟ್ಟ ಬಳೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ "ವಸ್ತು ಅಸಲಿ" ಅಂದರು. ನಾನು ಉಸಿರು ಬಿಟ್ಟೆ. "ದರ್ಜೆ ಬೇರೆ" ಅಂದರು.

ಲೂಪ್ ನನ್ನ ಕೈಗೆ ಕೊಟ್ಟರು. ಬಳೆಯೂ ಎಲೆಯ ತುದಿಯ ಕೊಂಡಿಯೂ ತಾಗುವ ಜಾಗ. ಲೋಹಕ್ಕೆ ಲೋಹ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ತಗ್ಗು ಬಿದ್ದಿತ್ತು. ಅಷ್ಟು ಸವೆದ ಮೇಲೆ ಚಿನ್ನ ಹೋಗಿ ಒಳಗಿನ ಬೆಳ್ಳಿ ಕಾಣಬೇಕು ತಾನೇ? ಆ ತಗ್ಗಿನೊಳಗೂ ಹೊಸ ಚಿನ್ನ, ಫಳಫಳ. ಕಿರಣದ ಅಂಚಿನ ಹಳೇ ಗೀರಿನೊಳಗೂ ಚಿನ್ನ. ಸವೆದದ್ದು ಮೊದಲು, ಚಿನ್ನ ಬಂದದ್ದು ಆಮೇಲೆ. "ಮೆಕ್ಕಿ" ಅಂದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಗಿಲೀಟು. ಆರನೇ ದರ್ಜೆಯ ಬೆಳ್ಳಿ ಪದಕಕ್ಕೆ ಗಿಲೀಟು ಹಾಕಿಸಿ, ಎಲ್ಲಿಂದಲೋ ಬಂದ ನಾಲ್ಕನೇ ದರ್ಜೆಯ ಖಾಲಿ ಡಬ್ಬಿಯಲ್ಲಿ ಕೂರಿಸಿದ್ದಾರೆ. ರಿಬ್ಬನ್ನಿನ ಹೂವನ್ನು ಹೊಲಿದ ದಾರ ಅತಿನೇರಳೆ (ಯುವಿ) ಟಾರ್ಚಿನ ಬೆಳಕಿಗೆ ನೀಲಿಯಾಗಿ ಹೊಳೆಯಿತು. ಹಳೇ ದಾರ ಹಾಗೆ ಹೊಳೆಯುವುದಿಲ್ಲ. ಇವತ್ತಿನ ದಾರ.

ಪೂರ್ತಿ ನಕಲಿಯಾಗಿದ್ದರೆ ನಾನೇ ಹಿಡಿಯುತ್ತಿದ್ದೆನೇನೋ. ಅಸಲಿಯಲ್ಲೇ ಮೋಸ ಇಟ್ಟರೆ ಏನು ಮಾಡೋದು? ಅಕ್ಷರ ಅಸಲಿ, ಗಾಜು ಅಸಲಿ, ಡಬ್ಬಿಯೂ ಅಸಲಿ. ಮನೆಯಲ್ಲಿ ಹೇಳಿದರೆ ಹೆಂಡತಿ ಒಂದೇ ಮಾತು ಕೇಳಿದಳು. "ಅಲ್ಲಾ ರೀ, ಕೊಂಡಿ ನೋಡದೆ ಯಾರಾದ್ರೂ ಸರ ತಗೋತಾರಾ?" ಅವಳಿಗೆ ಅವಳಮ್ಮ ಹೇಳಿಕೊಟ್ಟದ್ದಂತೆ. ಗಿಲೀಟು ಮೊದಲು ಬಿಡೋದು ಕೊಂಡಿಯ ಹತ್ತಿರ. ಇದು ನಮ್ಮೂರ ಹೆಂಗಸರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ.

ವ್ಯಾಪಾರಿಯ ಕಾರ್ಡ್ ಇತ್ತು, ಮೆಸೇಜ್ ಹಾಕಿದೆ. ಉತ್ತರ ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ತಮ್ಮ ಸಂದೇಶಕ್ಕೆ ತುಂಬಾ ಧನ್ಯವಾದಗಳು. ಹಳೆಯ ವಸ್ತುಗಳಾದ್ದರಿಂದ ಹಿಂದಿನ ಮಾಲೀಕರು ರಿಪೇರಿ ಮಾಡಿಸಿರಬಹುದು." ರಿಪೇರಿಯಂತೆ! ಬಳೆಯ ಫೋಟೊ ಕಳಿಸಿದೆ. "ತಾವು ಕೈಯಲ್ಲಿ ಹಿಡಿದು ನೋಡಿ ಕೊಂಡಿದ್ದೀರಿ. ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಬೋರ್ಡ್ ಇತ್ತು." ಇತ್ತು, ನಿಜ. ನೋ ಕ್ಲೇಮ್ ನೋ ರಿಟರ್ನ್ ಅಂತ ಇಲ್ಲಿ ಎಲ್ಲರೂ ಹಾಕುತ್ತಾರೆ, ಯಾರೂ ಓದಲ್ಲ. ಕೊನೆಗೆ ನೇರವಾಗಿ ಕೇಳಿದೆ, ನಾಲ್ಕನೇ ದರ್ಜೆ ಅಂತ ಹೇಳಿ ಮಾರಿದಿರಿ ತಾನೇ?

"ನಾನು ಹಾಗೆ ಹೇಳಿದ ನೆನಪಿಲ್ಲ. ಮುಚ್ಚಳದ ಅಕ್ಷರಗಳನ್ನು ತಾವೇ ಬಹಳ ಚೆನ್ನಾಗಿ ಓದಿದಿರಿ."

ಫೋನ್ ಹಿಡಿದು ಹಾಗೇ ಕೂತೆ. ಕೆನ್ನೆ ಬಿಸಿಯಾಯಿತು. ಅವನು ಹೇಳಿರಲೇ ಇಲ್ಲ! ನಿಜವಾಗಿಯೂ ಹೇಳಿರಲಿಲ್ಲ. ನಾನು ಓದಿದೆ, ಅವನು ಹೊಗಳಿದ, ಅಷ್ಟೇ. ಓಡಿಹೋಗಿ ರಸೀದಿ ಬಿಡಿಸಿದೆ. "ಕುನ್ಶೋ ಇತ್ತೆನ್" ಎಂದು ಬರೆದಿತ್ತು. ಪದಕ, ಒಂದು. ದರ್ಜೆ ಇಲ್ಲ, ಹೆಸರಿಲ್ಲ, ಏನೂ ಇಲ್ಲ.

188ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದೆ. ಸಮಾಧಾನವಾಗಿ ಕೇಳಿದರು, ರಸೀದಿಯಲ್ಲಿ ಏನಿದೆ ಅಂದರು. ಅಲ್ಲಿಗೆ ಮುಗಿಯಿತು. ಹಳೇ ಸಾಮಾನು ಮಾರುವ ಲೈಸೆನ್ಸ್ ಅವನ ಹತ್ತಿರ ಇತ್ತು, ಫಲಕ ನೇತುಹಾಕಿದ್ದ. ಅದನ್ನು ನೋಡಿಯೂ ನಂಬಿದ್ದೆ. ಲೈಸೆನ್ಸ್ ವ್ಯಾಪಾರಕ್ಕೆ ಕೊಡುತ್ತಾರೆ, ನಿಯತ್ತಿಗಲ್ಲ. ಜಿಂಬೋಚೋದ ಹಿರಿಯರು ಬೆನ್ನು ತಟ್ಟಿ "ಬೆಂಕ್ಯೋದಾಯಿ" ಅಂದರು. ಓದಿನ ಫೀಸು ಅಂದುಕೋ, ಹೋಗಲಿ ಬಿಡು ಅಂತ. ರಿಯಾಯಿತಿಯೂ ಬೆಂಕ್ಯೋ, ಕಳೆದುಕೊಂಡದ್ದೂ ಬೆಂಕ್ಯೋ! ನಗು ಬರಲಿಲ್ಲ.

ಆದ್ದರಿಂದ, ಕೊಳ್ಳುವವರೇ, ದರ್ಜೆಯನ್ನು ರಸೀದಿಯಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಕುನ್ಕಿ ಇಲ್ಲದೆ ಮೇಲಿನ ದರ್ಜೆಯ ಬೆಲೆ ಕೊಡಬೇಡಿ. ಹತ್ತರಷ್ಟು ದೊಡ್ಡದು ಮಾಡುವ ಲೂಪ್ ಒಯ್ಯಿರಿ. ಡಬ್ಬಿಗೂ ಪದಕಕ್ಕೂ ಸಂಬಂಧ ಇದೆ ಅಂತ ಅಂದುಕೊಳ್ಳಬೇಡಿ, ಖಾಲಿ ಡಬ್ಬಿ ಬೇರೆಯೇ ಮಾರುತ್ತಾರೆ. ಮತ್ತೆ ದಯವಿಟ್ಟು ಜೋರಾಗಿ ಓದಬೇಡಿ. ಇನ್ನೊಂದು, ಕೊಂಡ ಪದಕ ಎದೆಗೆ ಸಿಕ್ಕಿಸಿಕೊಂಡು ತಿರುಗಬೇಡಿ, ಹಕ್ಕಿಲ್ಲದವರು ಧರಿಸಿದರೆ ಇಲ್ಲಿ ಸಣ್ಣ ಅಪರಾಧ. ಅದೊಂದು ತಪ್ಪು ನಾನು ಮಾಡಲಿಲ್ಲ.

ಆ ಬಳೆಯ ಫೋಟೊ, ದಾರದ ಫೋಟೊ ಎರಡೂ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ, ಕಳಿಸುತ್ತೇನೆ. ನಮ್ಮ ಮನೆಗೆ ಬಂದಾಗ ಬೆಲೆಯ ಮಾತು ಮಾತ್ರ ತೆಗೆಯಬೇಡಿ. ಹೆಂಡತಿ ಇನ್ನೂ 20,000 ಯೆನ್ ಅಂದುಕೊಂಡಿದ್ದಾಳೆ.