ಸೆಗೆಡ್: ಬಿಸಿಲು, ಮೀನಿನ ಸಾರು, ನೈದಿಲೆ ಹೂವಿನ ಕಟ್ಟಡ

ಹಂಗೇರಿಗೆ ಹೋದವರು ಬುಡಾಪೆಸ್ಟ್ ನೋಡಿ ವಾಪಸ್ ಬಂದುಬಿಡುತ್ತಾರೆ. ದಕ್ಷಿಣಕ್ಕೆ, ತಿಸಾ ನದಿ ದಡದಲ್ಲಿರುವ ಸೆಗೆಡ್‌ಗೂ ಹೋಗಿ. 'ಬಿಸಿಲೂರು' ಅಂತಲೇ ಹೆಸರು, ಟೋಪಿ ಮರೆಯಬೇಡಿ.

ಮೊದಲು ಹೊಟ್ಟೆ ವಿಷಯ. ಇಲ್ಲಿಗೆ ಬಂದು ಹಲಾಸ್ಲೇ ಅನ್ನುವ ಮೀನಿನ ಸಾರು ತಿನ್ನದಿದ್ದರೆ ಬಂದದ್ದೇ ದಂಡ. ಸಣ್ಣ ಮೀನು, ಈರುಳ್ಳಿ ಬೇಯಿಸಿ ಜರಡಿಯಲ್ಲಿ ಸೋಸಿ, ಆ ಗಟ್ಟಿ ರಸಕ್ಕೆ ಪಾಪ್ರಿಕಾ ಅನ್ನುವ ಕೆಂಪು ಮೆಣಸಿನ ಪುಡಿ ಹಾಕಿ, ಆಮೇಲೆ ಕಾರ್ಪ್ ಮೀನಿನ ತುಂಡು ಬಿಡುತ್ತಾರೆ. ಕಡುಕೆಂಪು ಬಣ್ಣ ನೋಡಿ ಹೆದರಬೇಡಿ, ಖಾರ ಅಷ್ಟಿಲ್ಲ. ನಮ್ಮ ನಾಲಿಗೆಗೆ ಸಾಲದಿದ್ದರೆ ಪಕ್ಕದಲ್ಲಿ ಕೊಡುವ ಹಸಿ ಮೆಣಸಿನಕಾಯಿ ಕಚ್ಚಿಕೊಳ್ಳಿ. ಮುಳ್ಳು ಜಾಸ್ತಿ, ನಿಧಾನವಾಗಿ ತಿನ್ನಿ. ಸಸ್ಯಾಹಾರಿಗಳಿಗೆ ಮಾತ್ರ ಸ್ವಲ್ಪ ಕಷ್ಟ. ಮೊಸರುಗಿಣ್ಣಿನ ನೂಡಲ್ಸ್ ಕೇಳಿದರೂ ಮೇಲೆ ಹಂದಿಕೊಬ್ಬಿನ ಚೂರು ಇರುತ್ತದೆ, ಮೊದಲೇ ಹೇಳಿಬಿಡಿ.

1879ರ ಪ್ರವಾಹದಲ್ಲಿ ಊರು ಹೆಚ್ಚುಕಮ್ಮಿ ಪೂರ್ತಿ ಕೊಚ್ಚಿಹೋಗಿತ್ತು. ಮತ್ತೆ ಕಟ್ಟುವಾಗ ಅಗಲ ರಸ್ತೆ ಬಿಟ್ಟರು. ನೆರವು ಕೊಟ್ಟ ವಿಯೆನ್ನಾ, ಪ್ಯಾರಿಸ್, ಲಂಡನ್ ಹೆಸರನ್ನೇ ಹೊರವರ್ತುಲ ರಸ್ತೆಗೆ ಇಟ್ಟಿದ್ದಾರೆ, ಚೆಂದ ಅಲ್ವಾ? ನನಗೆ ತುಂಬಾ ಹಿಡಿಸಿದ್ದು 1907ರ ರೆಯೋಕ್ ಅರಮನೆ. ಗೋಡೆ ನೀರಿನ ಅಲೆಯಂತೆ ಬಳುಕುತ್ತದೆ, ಅದರ ಮೇಲೆ ನೀಲಿ ನೈದಿಲೆಗಳು, ಬಾಲ್ಕನಿ ಕಂಬಿಗಳೂ ಬಳ್ಳಿಯ ಹಾಗೆ. ಎದುರಿನ ಫುಟ್‌ಪಾತ್‌ನಲ್ಲಿ ಸುಮ್ನೆ ನಿಂತು ನೋಡಿ. ಜೋಡಿ ಗೋಪುರದ ದೊಡ್ಡ ಚರ್ಚು 1930ರಲ್ಲಿ ಮುಗಿದದ್ದು, ಭವ್ಯವೇನೋ ಹೌದು, ಆದರೆ ನನಗೆ ಸ್ವಲ್ಪ ಭಾರ ಅನ್ನಿಸಿತು. ಅದಕ್ಕಿಂತ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರ) ನೀಲಿ ಗಾಜಿನ ಗುಮ್ಮಟವೇ ವಾಸಿ.

ಬುಡಾಪೆಸ್ಟ್‌ನಿಂದ ನೇರ ರೈಲಿದೆ. ರಾತ್ರಿ ಉಳಿಯುವ ಹಾಗೆ ಹೋಗಿ, ಸಂಜೆ ನದಿ ದಡ ತಪ್ಪಿಸಿಕೊಳ್ಳಬಾರದು.