ಕಿಸೆ ರಿವಾಲ್ವರಿಗೆ ನಳಿಕೆ ಎಷ್ಟುದ್ದ ಇರಬೇಕು: ಮೂರು ಅಳತೆಗಳ ಪರಿಶೀಲನೆ

ಕಿಸೆಯಲ್ಲಿ ಇಟ್ಟುಕೊಳ್ಳುವ ರಿವಾಲ್ವರ್ ಬೇಕೆಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಎಲ್ಲಕ್ಕಿಂತ ಸಣ್ಣದು ಯಾವುದು ಎಂದೇ. ಪರವಾನಗಿ ಕೈಗೆ ಬಂದ ವಾರ ನಾನೂ ಅದನ್ನೇ ಕೇಳಿದೆ. ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿಯ ಎಪಿಎಂಸಿಯ ಅಡತಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡು ಕತ್ತಲಾದ ಮೇಲೆ ಸೇಡಂ ಕಡೆಯ ನಮ್ಮ ಹಳ್ಳಿಗೆ ಮರಳುವವನಿಗೆ ಬೇಕಾದದ್ದು ಯಾರ ಕಣ್ಣಿಗೂ ಬೀಳದ, ಭಾರವೆನಿಸದ ಆಯುಧ ಎಂಬುದು ನನ್ನ ಆಗಿನ ಲೆಕ್ಕವಾಗಿತ್ತು. ಕೊನೆಗೆ ತಂದದ್ದು ಮಾತ್ರ ಮೂರು ಇಂಚಿನ ನಳಿಕೆಯ, ಆರು ಗುಂಡಿನ, 32 ಬೋರಿನ (ಬೋರ್ ಎಂದರೆ ನಳಿಕೆಯ ಒಳಗಿನ ಅಗಲದ ಅಳತೆ) ರಿವಾಲ್ವರ್. ಅದಕ್ಕಿಂತ ಗಿಡ್ಡದ್ದನ್ನೂ ಒಂದು ಇಂಚು ಉದ್ದದ್ದನ್ನೂ ಏಕೆ ಬಿಟ್ಟೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲನ್ನು ಬದಲಾಯಿಸಿದಂತೆ ಇದನ್ನು ಬದಲಾಯಿಸಲು ಆಗುವುದಿಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಆಯುಧಗಳನ್ನು ಇಟ್ಟುಕೊಳ್ಳುವಂತಿಲ್ಲ. ಕೊಂಡದ್ದನ್ನು ಮಾರಬೇಕಾದರೂ ಇಲಾಖೆಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸಿ, ಪರವಾನಗಿ ಉಳ್ಳವರಿಗೇ ಕೊಡಬೇಕು. ಆದ್ದರಿಂದ ಒಂದು ಇಂಚಿನ ವಿಷಯದಲ್ಲಿ ಒಂದು ತಿಂಗಳು ತಲೆ ಕೆಡಿಸಿಕೊಂಡದ್ದು ನನಗೆ ಅತಿಯೆನಿಸಲಿಲ್ಲ.

ಮೊದಲು ಅಳತೆಯ ಬಗ್ಗೆ ಒಂದು ಮಾತು. ರಿವಾಲ್ವರಿನಲ್ಲಿ ನಳಿಕೆಯ ಉದ್ದವನ್ನು, ತೋಟಾಗಳನ್ನು ತುಂಬುವ ತಿರುಗುವ ಸಿಲಿಂಡರಿನ ಮುಂದಿನಿಂದ ಬಾಯಿಯವರೆಗೆ ಮಾತ್ರ ಎಣಿಸುತ್ತಾರೆ, ತೋಟಾ ಕೂರುವ ಭಾಗ ಅದರಲ್ಲಿ ಸೇರುವುದಿಲ್ಲ. ಪಿಸ್ತೂಲಿನಲ್ಲಿ ಆ ಭಾಗವೂ ಸೇರುತ್ತದೆ. ಮೂರು ಇಂಚಿನ ಪಿಸ್ತೂಲನ್ನೂ ಮೂರು ಇಂಚಿನ ರಿವಾಲ್ವರನ್ನೂ ಸಮವೆಂದು ತೂಗುವವರು ಇಲ್ಲಿಯೇ ಎಡವುತ್ತಾರೆ.

ಅತಿ ಸಣ್ಣ ರಿವಾಲ್ವರುಗಳ ಸಾಲಿನಲ್ಲಿ ಬರುವವೆಂದರೆ ಅಮೆರಿಕದ ಯೂಟಾ ರಾಜ್ಯದ ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿಯ ಐದು ಗುಂಡಿನ 22 ಬೋರಿನವು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನಳಿಕೆಗಳ ಉದ್ದ ಸುಮಾರು 29 ಮಿಲಿಮೀಟರ್ ಮತ್ತು 41 ಮಿಲಿಮೀಟರ್. ಅಲ್ಲಿಯವರಿಗೆ ಆಯ್ಕೆಯ ಪ್ರಶ್ನೆ ಬರುವುದೇ ಅರ್ಧ ಇಂಚಿನ ಮೇಲೆ. ಅಷ್ಟು ಗಿಡ್ಡ ಆಯುಧದಲ್ಲಿ ಎಡಗೈ ಬೆರಳು ಅರಿವಿಲ್ಲದೆ ನಳಿಕೆಯ ಬಾಯಿಯ ಮುಂದೆ ಹೋಗುವ ಅಪಾಯವಿರುವುದರಿಂದ ಆ ಅರ್ಧ ಇಂಚಿಗೂ ಬೆಲೆಯಿದೆ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು (ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು) ಹಿಂದಕ್ಕೆ ಎಳೆಯಬೇಕು, ಗುಂಡು ಮುಗಿದರೆ ಸಿಲಿಂಡರನ್ನೇ ಬಿಚ್ಚಿ ತುಂಬಬೇಕು. ವಿದೇಶಿ ಆಯುಧಗಳ ಆಮದು ಸಾಮಾನ್ಯರಿಗೆ 1980ರ ದಶಕದಿಂದಲೇ ಮುಚ್ಚಿರುವುದರಿಂದ ಅವು ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಆ ಜಾತಿಗೆ ಹತ್ತಿರದ್ದೆಂದರೆ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ 22 ಬೋರಿನ ‘ನಿಡರ್’. ಅದರ ತೂಕ ಕೇವಲ 250 ಗ್ರಾಂ.

ಅಂಗಡಿಯ ಹಿರಿಯರು ನನ್ನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿಲ್ಲ. ಮೂರು ಇಂಚಿನದನ್ನು ತೆಗೆದು, ಸಿಲಿಂಡರ್ ತೆರೆದು ಖಾಲಿಯಿರುವುದನ್ನು ನನಗೂ ತೋರಿಸಿ, ತಾವೂ ಮತ್ತೊಮ್ಮೆ ನೋಡಿಕೊಂಡು, “ಗೌಡ್ರ, ಇದನ್ನ ಸೊಂಟಕ್ಕ ಇಟ್ಕೊಂಡು ಆ ಸ್ಟೂಲಿನ ಮ್ಯಾಲ ಒಂದ್ ಹತ್ತು ಮಿನಿಟ್ ಕುಂದರ್ರಿ, ಆಮ್ಯಾಲ ಅಳತಿ ಮಾತಾಡೋಣು” ಎಂದರು. ಹತ್ತು ನಿಮಿಷ ಕುಳಿತೆ. ನಳಿಕೆಯ ತುದಿ ತೊಡೆಯ ಸಂದಿಗೆ ತಾಗಲಿಲ್ಲ. ನಾಲ್ಕು ಇಂಚಿನದರ ಜೊತೆ ಕುಳಿತಾಗ ಬಗ್ಗಿ ಚಪ್ಪಲಿ ತೆಗೆಯಲು ಹೋದರೆ ತುದಿ ಒತ್ತಿತು. ಟ್ರ್ಯಾಕ್ಟರ್ ಮೇಲೆ ದಿನಗಟ್ಟಲೆ ಕೂರುವವನಿಗೆ ಈ ಪರೀಕ್ಷೆ ಬೇರಾವ ಪರೀಕ್ಷೆಗಿಂತಲೂ ದೊಡ್ಡದು, ಆದರೂ ಎಷ್ಟು ಅಂಗಡಿಗಳಲ್ಲಿ ಗಿರಾಕಿಯನ್ನು ಹೀಗೆ ಕೂರಿಸಿ ನೋಡುತ್ತಾರೋ ಕಾಣೆ.

ಕೂರುವುದು ಸರಿಹೋದರೂ ಗುರಿಯ ಮಾತು ಉಳಿದಿತ್ತು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಗುರಿ ನೋಡಲು ನಳಿಕೆಯ ಮೇಲಿರುವ ಎರಡು ಗುರುತುಗಳಲ್ಲಿ, ಅಂದರೆ ಸೈಟುಗಳಲ್ಲಿ, ಹಿಂದಿನದರಿಂದ ಮುಂದಿನದಕ್ಕೆ ಇರುವ ಅಂತರ 22 ಬೋರಿನ ಗಿಡ್ಡದರಲ್ಲಿ 80 ಮಿಲಿಮೀಟರ್, ಮೂರು ಇಂಚಿನದರಲ್ಲಿ 125, ನಾಲ್ಕು ಇಂಚಿನದರಲ್ಲಿ 150 ಎಂದು ಸ್ಥೂಲವಾಗಿ ಹಿಡಿಯೋಣ. ಕೈ ನಡುಗಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಸರಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಮೊದಲನೆಯದರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಆರೂಮುಕ್ಕಾಲಿಗೆ ತುಸು ಕಡಿಮೆ ಸೆಂಟಿಮೀಟರ್ ದಾರಿ ತಪ್ಪುತ್ತದೆ. ಗಿಡ್ಡದರಿಂದ ಮೂರು ಇಂಚಿಗೆ ಬಂದಾಗ ನಾಲ್ಕೂವರೆ ಸೆಂಟಿಮೀಟರ್ ಉಳಿಯಿತು. ಮೂರರಿಂದ ನಾಲ್ಕಕ್ಕೆ ಹೋದರೆ ಉಳಿಯುವುದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಮತ್ತು ಅಷ್ಟಕ್ಕಾಗಿ ದಿನವಿಡೀ ತೊಡೆಗೆ ಒತ್ತಿಸಿಕೊಳ್ಳಬೇಕು. ನನ್ನ ಆಯ್ಕೆ ಬಹುಮಟ್ಟಿಗೆ ಆ ರಾತ್ರಿಯ ಲೆಕ್ಕದಲ್ಲೇ ತೀರ್ಮಾನವಾಯಿತು.

ಉದ್ದ ನಳಿಕೆಯಿಂದ ಗುಂಡಿನ ವೇಗ ಬಹಳ ಹೆಚ್ಚುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕಲಬುರಗಿಯ ಕೋಟೆಯಲ್ಲಿ 29 ಅಡಿ ಉದ್ದದ ಬಾರಾ ಗಜ್ ತೋಪನ್ನು ನೋಡುತ್ತ ಬೆಳೆದ ಊರಿನವರಿಗೆ ಉದ್ದದ ಮೋಹವಿರುವುದು ಸಹಜ. ಆದರೆ 32 ಬೋರಿನ ತೋಟಾ ಮೂಲತಃ ಸೌಮ್ಯವಾದದ್ದು. ಆರು ಗ್ರಾಂಗಿಂತ ತುಸು ಹೆಚ್ಚು ತೂಕದ ಸೀಸದ ಗುಂಡು ನಾಲ್ಕು ಇಂಚಿನ ನಳಿಕೆಯಿಂದ ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಬೀಳುತ್ತದೆ, ಒಂದು ಇಂಚು ಕಡಿಮೆಯಾದರೆ ಹತ್ತು ಮೀಟರ್ ಆಸುಪಾಸು ತಗ್ಗಬಹುದು. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಒಂದಿಷ್ಟು ಹೊಗೆ, ಒತ್ತಡ ಹೇಗೂ ಸೋರುತ್ತವೆ. ಗಿಡ್ಡ 22 ಬೋರಿನ ಕಥೆ ಬೇರೆ. ಆ ತೋಟಾದ ಮದ್ದನ್ನು ರೈಫಲಿನ ಉದ್ದ ನಳಿಕೆಗೂ ಹೊಂದುವಂತೆ ಮಾಡಿರುವುದರಿಂದ ಗಿಡ್ಡ ನಳಿಕೆಯಲ್ಲಿ ವೇಗ ಚೆನ್ನಾಗಿಯೇ ಇಳಿಯುತ್ತದೆ, ಬಾಯಿಯಲ್ಲಿ ಬೆಂಕಿಯೂ ಸದ್ದೂ ಹೆಚ್ಚಾಗುತ್ತವೆ.

ಅನುಮತಿ ಪಡೆದ ಅಭ್ಯಾಸದ ಮೈದಾನದಲ್ಲಿ ಒಂದು ಭಾನುವಾರ ನಾವು ಮೂವರು ಅವರವರ ಆಯುಧದಿಂದ ಹತ್ತು ಮೀಟರಿನಿಂದ ಹನ್ನೆರಡು ಹನ್ನೆರಡು ಗುಂಡು ಹಾರಿಸಿದೆವು. ಗೆಳೆಯನ 22 ಬೋರಿನ ಗುಂಡುಗಳು ಊಟದ ತಟ್ಟೆಯಗಲಕ್ಕೆ ಚೆದುರಿದ್ದವು, ಎರಡು ಕಾಗದಕ್ಕೇ ತಾಗಿರಲಿಲ್ಲ. ನನ್ನವು ಜೋಳದ ರೊಟ್ಟಿಯ ಅರ್ಧದಷ್ಟು ಜಾಗದಲ್ಲಿದ್ದವು. ನಾಲ್ಕು ಇಂಚಿನದನ್ನು ತಂದಿದ್ದ ನಮ್ಮ ಕಾಕಾ ಅವರ ಕಾಗದ ನನ್ನದಕ್ಕಿಂತ ಚೊಕ್ಕಟವಾಗಿತ್ತು, ಆದರೆ ಅವರು ಮೂವತ್ತು ವರ್ಷದಿಂದ ಹಾರಿಸುತ್ತಿರುವವರು, ಆ ಚೊಕ್ಕಟತನದಲ್ಲಿ ನಳಿಕೆಯ ಪಾಲೆಷ್ಟು ಕೈಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಗೆಳೆಯನ ತಪ್ಪಿಗೆ ನಳಿಕೆಯೊಂದೇ ಕಾರಣವೂ ಅಲ್ಲ. 250 ಗ್ರಾಂ ತೂಗುವ ಆಯುಧದ ಟ್ರಿಗರ್ ಎಳೆಯಲು ಆ ತೂಕದ ಹಲವು ಪಟ್ಟು ಬಲ ಬೇಕಾಗುವುದರಿಂದ ಎಳೆತಕ್ಕೆ ಇಡೀ ಆಯುಧವೇ ಓಲಾಡುತ್ತದೆ. 700 ಗ್ರಾಂ ಆಸುಪಾಸಿನದು ಅಷ್ಟು ಓಲಾಡುವುದಿಲ್ಲ.

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ಅಂಶವಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ ಮಾದರಿಯ 32 ಬೋರಿನ ರಿವಾಲ್ವರ್ ನಡುವೆ ಮಡಚಿದಂತೆ ಬಾಗಿ ತೆರೆಯುವಂಥದ್ದು. ತೆರೆದೊಡನೆ ಹಾರಿಸಿದ ತೋಟಾಗಳ ಖಾಲಿ ಕೇಸುಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ಅದಕ್ಕೂ ನಳಿಕೆಯ ಉದ್ದಕ್ಕೂ ಸಂಬಂಧವಿಲ್ಲ. 2023ರಲ್ಲಿ ಬಿಡುಗಡೆಯಾದ ‘ಪ್ರಬಲ್’ ಮಾದರಿಯಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಇಂಥ ರಚನೆಯಲ್ಲಿ ಕೇಸುಗಳನ್ನು ಹೊರದಬ್ಬುವ ಕಡ್ಡಿ ನಳಿಕೆಯ ಕೆಳಗೆ ಇರುವುದರಿಂದ ನಳಿಕೆ ಗಿಡ್ಡವಾದಷ್ಟೂ ಕಡ್ಡಿಯೂ ಗಿಡ್ಡವಾಗಬೇಕಾಗುತ್ತದೆ, ಕೇಸು ಪೂರ್ತಿ ಹೊರಬಾರದೆ ಉಗುರಿನಿಂದ ಎಳೆಯುವ ಪ್ರಸಂಗ ಬರುತ್ತದೆ. ಪ್ರಬಲ್‌ನ ನಳಿಕೆ 76 ಮಿಲಿಮೀಟರ್, ಅಂದರೆ ಮೂರೇ ಇಂಚು.

ಒರೆಯ ವಿಷಯದಲ್ಲಿ ನಾನು ಹಣ ಕಳೆದುಕೊಂಡೆ. ಆನ್‌ಲೈನಿನಲ್ಲಿ ಎಲ್ಲ ಅಳತೆಗೂ ಸರಿಹೊಂದುತ್ತದೆ ಎಂದು ಮಾರುತ್ತಿದ್ದ ಒಂದು ಒರೆ ನಾಲ್ಕು ಇಂಚಿನದಕ್ಕೆ ಹೊಲಿದದ್ದಾಗಿತ್ತು. ಬಗ್ಗಿದಾಗಲೆಲ್ಲ ರಿವಾಲ್ವರ್ ಒಳಗೆ ಜಾರಿ ಹಿಡಿಕೆ ಓರೆಯಾಗುತ್ತಿತ್ತು. ಬಳಿಕ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚರ್ಮದ ಕೆಲಸದವರೊಬ್ಬರಲ್ಲಿಗೆ ಹೋದೆ. ಆಯುಧವನ್ನು ಅವರ ಬಳಿ ಬಿಟ್ಟುಬರುವಂತಿಲ್ಲ. ಬಡಿಗ್ಯಾನ ಕೈಯಲ್ಲಿ ಬೇವಿನ ಕಟ್ಟಿಗೆಯಿಂದ ಅದೇ ಅಳತೆಯ ಅಚ್ಚು ಕೆತ್ತಿಸಿ ಒಯ್ದುಕೊಟ್ಟೆ. ಒದ್ದೆ ಚರ್ಮವನ್ನು ಅಚ್ಚಿನ ಮೇಲೆ ಎಳೆದು, ಮೂಳೆಯ ತುಂಡಿನಿಂದ ಸಿಲಿಂಡರಿನ ಉಬ್ಬನ್ನು ಉಜ್ಜಿ ಮೂಡಿಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ ಕೊಟ್ಟರು. ಮೂರು ಇಂಚಿನ ನಳಿಕೆಗೆ ಒರೆಯಲ್ಲಿ ಒಳ್ಳೆಯ ಹಿಡಿತ ಸಿಗುತ್ತದೆ. ಗೆಳೆಯನ ಗಿಡ್ಡದಕ್ಕೆ ಒರೆಯಲ್ಲಿ ಕಚ್ಚಿಕೊಳ್ಳಲು ನಳಿಕೆಯೇ ಇಲ್ಲದೆ ಹಿಡಿಕೆಯ ಭಾರಕ್ಕೆ ಹೊರಗೆ ವಾಲುತ್ತದೆ.

ಕಿಸೆಯ ಮಾತಿಗೆ ಬಂದರೆ, ನೆಹರು ಶರ್ಟಿನ ಬದಿಯ ಕಿಸೆಯಲ್ಲಿ ಮೂರು ಇಂಚಿನದು ಕೂರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬಟ್ಟೆ ಜೋತು ಬೀಳುತ್ತದೆ, ಆಕಾರವೂ ಕಾಣುತ್ತದೆ. ಒರೆಯೊಂದಿಗೆ ಸೊಂಟದಲ್ಲಿ, ಮೇಲೆ ಜಾಕೀಟು ಹಾಕಿಕೊಂಡರೆ ಮಾತ್ರ ಸರಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಜಾಕೀಟು ಶಿಕ್ಷೆಯೇ. ಬೆವರಿನ ಉಪ್ಪು ನಳಿಕೆಯ ಬಾಯಿಯ ಅಂಚಿಗೆ ಮೊದಲು ತಾಗುವುದರಿಂದ ಬೇಸಿಗೆಯಲ್ಲಿ ಪ್ರತಿ ಸಂಜೆ ಎಣ್ಣೆಯ ಬಟ್ಟೆಯಿಂದ ಒರೆಸುತ್ತೇನೆ. ಏನೇ ಆದರೂ ಕಿಸೆಯಲ್ಲೇ ಇರಬೇಕು ಎನ್ನುವವರು 22 ಬೋರಿನದನ್ನೇ ಕೊಳ್ಳಲಿ, ಆದರೆ ನಾಲ್ಕೈದು ಮೀಟರಿನಾಚೆ ಅದರಿಂದ ಏನನ್ನೂ ನಿರೀಕ್ಷಿಸಬಾರದು.

ನನ್ನದರ ಬಗ್ಗೆ ಉಳಿದ ಒಂದೇ ತಕರಾರು ನನ್ನ ಕಣ್ಣಿನದು. ಐವತ್ತು ದಾಟಿದ ಮೇಲೆ ಕಪ್ಪು ಸೈಟು ಮುಸ್ಸಂಜೆಯಲ್ಲಿ ಕಾಣುತ್ತಿರಲಿಲ್ಲ. ಮನೆಯವಳ ಉಗುರು ಬಣ್ಣದ ಸೀಸೆಯಿಂದ ಬಿಳಿಯ ಒಂದು ಚುಕ್ಕೆ ಇಟ್ಟುಕೊಂಡಿದ್ದೇನೆ. ಎಣ್ಣೆ ತಾಗಿ ತಿಂಗಳಿಗೊಮ್ಮೆ ಅಳಿಸುತ್ತದೆ, ಮತ್ತೆ ಇಡುತ್ತೇನೆ.