ಪುಣೆಯ ಬಾಲ್ಕನಿಯಲ್ಲಿ ಪಿಯೋನಿ: ಆನ್‌ಲೈನ್‌ನಲ್ಲಿ ತರಿಸಿದ ಗಡ್ಡೆಗಳು, ಕೆಲವು ವರ್ಷ ಸಾಕಿದ ಮೇಲೆ

ಪಿಯೋನಿ ಅಂದರೆ ಎಸಳು ತುಂಬಿದ ದೊಡ್ಡ ಹೂವಿನ, ಚಳಿ ದೇಶದ ಗಿಡ. ಪುಣೆಯಲ್ಲಿ ಅದು ಹೂ ಬಿಡುತ್ತಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಬಿಡುತ್ತದೆ. ಆದರೆ ಸುಮ್ನೆ ಕುಂಡದಲ್ಲಿ ನೆಟ್ಟು ನೀರು ಹಾಕಿದರೆ ಬಿಡುವುದಿಲ್ಲ. ನಾನು ಗಡ್ಡೆ ತರಿಸಿದ ಆನ್‌ಲೈನ್ ಅಂಗಡಿಯ ಪುಟದಲ್ಲಿ ‘ಭಾರತದ ಎಲ್ಲ ಹವಾಮಾನಕ್ಕೂ ಸೂಕ್ತ’ ಅಂತ ಬರೆದಿತ್ತು. ಈ ಒಂದು ಮಾತಿಗಾಗಿಯೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಗಡ್ಡೆ ಚೆನ್ನಾಗಿದ್ದವು, ಪ್ಯಾಕಿಂಗ್ ಚೆನ್ನಾಗಿತ್ತು, ಹೂ ಬಂದ ಮೇಲೆ ನೋಡಿದರೆ ಹೇಳಿದ ಜಾತಿಯೇ. ಆದರೆ ಆ ಒಂದು ಸಾಲು ನಂಬಿ ಕೊಂಡವರ ಕುಂಡದಲ್ಲಿ ಎರಡನೇ ವರ್ಷಕ್ಕೆ ಏನಾದರೂ ಉಳಿಯುವುದು ಕಷ್ಟ.

ನಾವಿರುವುದು ಕೋಥ್ರೂಡ್‌ನಲ್ಲಿ, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಹನ್ನೊಂದರ ಮೇಲೆ ನೆರಳು. ಮೂರು ಜಾತಿ ತರಿಸಿದ್ದೆ. ಗುಲಾಬಿ ಬಣ್ಣದ ಸಾರಾ ಬರ್ನ್‌ಹಾರ್ಟ್, ಬಿಳಿಯ ಫೆಸ್ಟಿವಾ ಮ್ಯಾಕ್ಸಿಮಾ, ಕೆಂಪಿನ ಕಾರ್ಲ್ ರೋಸೆನ್‌ಫೀಲ್ಡ್. ಮೂರೂ ನೂರು ವರ್ಷಕ್ಕಿಂತ ಹಳೆಯವು. ಫೆಸ್ಟಿವಾ 1851ರದ್ದು. ಸಾರಾ 1906ರಲ್ಲಿ ಫ್ರಾನ್ಸಿನ ಲೆಮ್ವಾನ್ ನರ್ಸರಿಯಿಂದ ಬಂದದ್ದು, ಆಗಿನ ಕಾಲದ ದೊಡ್ಡ ನಾಟಕ ನಟಿಯ ಹೆಸರಿಟ್ಟಿದ್ದಾರೆ. ಇಷ್ಟು ಕಾಲ ಜನ ಬಿಡದೆ ಬೆಳೆಸುತ್ತಿದ್ದಾರೆ ಅಂದರೆ ಗಟ್ಟಿ ಗಿಡವೇ ಇರಬೇಕು ಅನ್ನುವುದು ನನ್ನ ಲೆಕ್ಕ. ಹಳದಿ ಬಣ್ಣದ ಬಾರ್ಟ್ಜೆಲ್ಲಾ ಮೇಲೂ ಆಸೆ ಇತ್ತು. ಅದು ಇಟೋ ಜಾತಿಯದು, ಮರ ಪಿಯೋನಿ ಮತ್ತು ಗಿಡ ಪಿಯೋನಿ ಕೂಡಿಸಿ ಮಾಡಿದ್ದು. ಜಪಾನಿನ ತೋಯಿಚಿ ಇಟೋ 1948ರಲ್ಲಿ ಹೀಗೆ ಕೂಡಿಸುವುದರಲ್ಲಿ ಗೆದ್ದರು, ಆ ಗಿಡಗಳ ಹೂ ಅರಳುವುದನ್ನು ನೋಡುವ ಮೊದಲೇ ತೀರಿಕೊಂಡರು. ಬಾರ್ಟ್ಜೆಲ್ಲಾದ ಬೆಲೆ ನೋಡಿ ಸದ್ಯಕ್ಕೆ ಬಿಟ್ಟೆ.

ಗಡ್ಡೆ ಮನೆಗೆ ಬಂದ ಕೂಡಲೇ ಏನು ನೋಡಬೇಕು ಅಂತ ಹೇಳುತ್ತೇನೆ. ದಪ್ಪ ಬೇರುಗಳ ಗೊಂಚಲು ಇರುತ್ತದೆ, ಅದರ ತಲೆಯಲ್ಲಿ ಕಣ್ಣುಗಳು, ಕಬ್ಬಿನ ಗೆಣ್ಣಿನಲ್ಲಿ ಇರುತ್ತವಲ್ಲ, ಹಾಗೆ. ಒಳ್ಳೆಯ ಗಡ್ಡೆಗೆ 3ರಿಂದ 5 ಕಣ್ಣು ಇರಬೇಕು. ಕಣ್ಣು ತಿಳಿಗೆಂಪಾಗಿ ಉಬ್ಬಿಕೊಂಡಿದ್ದರೆ ಜೀವ ಇದೆ ಅಂತ. ಬೇರು ಒತ್ತಿದರೆ ಗಟ್ಟಿ ಇರಬೇಕು, ಮೂಸಿದರೆ ಮಣ್ಣಿನ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ ಒಳಗೆ ಕೊಳೆಯಲು ಶುರುವಾಗಿದೆ. ನನಗೆ ಬಂದವು ಒದ್ದೆ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ), ತೂತು ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇದ್ದವು. ಕೆಂಪಿನದಕ್ಕೆ ಎರಡೇ ಕಣ್ಣು, ಉಳಿದೆರಡು ಸರಿಯಾಗಿದ್ದವು. ಎರಡು ಕಣ್ಣಿನದು ಅಂತ ಫೋಟೋ ಕಳಿಸಿದರೆ ‘ಬೆಳೆಯುತ್ತದೆ, ಚಿಂತೆ ಬೇಡ’ ಅಂತಷ್ಟೇ ಉತ್ತರ.

ಈಗ ಚಳಿಯ ವಿಷಯ, ಇಲ್ಲೇ ಎಲ್ಲಾ ಇರುವುದು. ಪಿಯೋನಿಯ ಹೂಮೊಗ್ಗು ಹಿಂದಿನ ವರ್ಷವೇ ಕಣ್ಣಿನೊಳಗೆ ತಯಾರಾಗಿ ಮಲಗಿರುತ್ತದೆ. ಅದು ಏಳಬೇಕಾದರೆ ಚಳಿ ತಾಗಬೇಕು. 4 ಡಿಗ್ರಿ ಆಸುಪಾಸಿನಲ್ಲಿ ಸುಮಾರು 500ರಿಂದ 1000 ಗಂಟೆ ಅನ್ನುವುದು ಬೆಳೆಗಾರರ ಲೆಕ್ಕ, ಜಾತಿಯಿಂದ ಜಾತಿಗೆ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ದೇಶದಲ್ಲೂ ಒಂದು ಕಾಡು ಪಿಯೋನಿ ಇದೆ, ಪಿಯೋನಿಯಾ ಎಮೋಡಿ ಅಂತ, ಬಿಳಿ ಹೂವಿನದು. ಅದು ಇರುವುದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ, ಹಿಮ ಬೀಳುವ ಕಡೆ. ಪುಣೆಯಲ್ಲಿ ಶಿವಾಜಿನಗರದ ತಾಪಮಾನ ಹತ್ತು ಡಿಗ್ರಿಗಿಂತ ಕೆಳಗೆ ಇಳಿದರೆ ಮರುದಿನ ಪೇಪರಿನಲ್ಲಿ ಸುದ್ದಿ ಬರುತ್ತದೆ. ಅದೇ ದಿನ ಮಧ್ಯಾಹ್ನ ಇಪ್ಪತ್ತೆಂಟಕ್ಕೆ ಏರಿರುತ್ತದೆ. ಇಂಥಲ್ಲಿ ಗಡ್ಡೆಗೆ ಚಳಿಗಾಲ ಬಂದದ್ದೇ ಗೊತ್ತಾಗುವುದಿಲ್ಲ. ಬೆಂಗಳೂರು, ಧಾರವಾಡ, ಬೆಳಗಾವಿ ಎಲ್ಲದಕ್ಕೂ ಇದೇ ಮಾತು.

ಹಾಗಾಗಿ ಫ್ರಿಜ್. ಹೊಸ ಫ್ರಿಜ್ ತಂದಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡದೆ ಯುಟಿಲಿಟಿಯಲ್ಲಿ ಇಟ್ಟುಕೊಂಡೆವು, ಅದು ಈಗ ಪಿಯೋನಿಗೇ ಮೀಸಲು. ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇದೆ, 3ರಿಂದ 4 ಡಿಗ್ರಿಗೆ ನಿಲ್ಲಿಸಿದ್ದೇನೆ. ಸೊನ್ನೆಗೆ ಇಳಿಯಬಾರದು, ಆದ್ದರಿಂದ ಫ್ರೀಜರ್‌ನ ಕೆಳಗಿನ ತಟ್ಟೆಯಲ್ಲಿ ಇಡಬೇಡಿ. ಅಡುಗೆಮನೆಯ ಫ್ರಿಜ್‌ನಲ್ಲೇ ಇಡುವವರು ಸೇಬು, ಬಾಳೆ, ಟೊಮೆಟೊ ಜೊತೆ ಮಾತ್ರ ಇಡಬೇಡಿ. ಹಣ್ಣು ಮಾಗುವಾಗ ಎಥಿಲೀನ್ ಅನಿಲ ಬಿಡುತ್ತದೆ, ಅದರಿಂದ ಒಳಗಿನ ಮೊಗ್ಗು ಕೆಡುತ್ತದೆ. ಮೊದಲ ವರ್ಷ ಬರೀ ಗಡ್ಡೆಯನ್ನೇ ಒದ್ದೆ ಕೋಕೋಪೀಟ್‌ನಲ್ಲಿ ಸುತ್ತಿ ಇಟ್ಟೆ. ಆಮೇಲಿನ ವರ್ಷಗಳಲ್ಲಿ ಕುಂಡದ ಸಮೇತ ಒಳಗೆ ಹೋಗುತ್ತದೆ, ಅದಕ್ಕಾಗಿ ಫ್ರಿಜ್‌ನ ಎರಡು ತಟ್ಟೆ ತೆಗೆದುಹಾಕಿದ್ದೇನೆ. ಪಿಯೋನಿಗೆ ಬೇರು ಕದಲಿಸಿದರೆ ಆಗುವುದಿಲ್ಲ, ಪ್ರತಿ ವರ್ಷ ಕಿತ್ತು ನೆಟ್ಟರೆ ಪ್ರತಿ ವರ್ಷ ಮೊದಲಿನಿಂದ ಶುರುಮಾಡುತ್ತದೆ. ಎರಡು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಒಳಗೆ ಇಡುತ್ತೇನೆ. ಆಗಾಗ ಬೆರಳು ಇಟ್ಟು ಮಣ್ಣು ನೋಡುವುದು, ಪೂರ್ತಿ ಒಣಗಿದ್ದರೆ ಎರಡು ಚಮಚ ನೀರು, ಅಷ್ಟೇ.

ಯಾವಾಗ ಇಡಬೇಕು ಅನ್ನುವುದು ಚಳಿಯಷ್ಟೇ ಮುಖ್ಯ. ಗಡ್ಡೆ ಸಾಮಾನ್ಯವಾಗಿ ಬರುವುದೇ ನವೆಂಬರ್ ಹೊತ್ತಿಗೆ, ಯಾಕೆಂದರೆ ಚಳಿ ದೇಶಗಳಲ್ಲಿ ಎಲೆ ಉದುರಿದ ಮೇಲೆ ಕೀಳುತ್ತಾರೆ. ಮೊದಲ ವರ್ಷ ಚಳಿ ಮುಗಿಸಿ ಹೊರಗೆ ತೆಗೆದಾಗ ಜನವರಿ ಕೊನೆ. ಮೊಳಕೆ ಚೆನ್ನಾಗಿಯೇ ಬಂತು, ಆದರೆ ಮೊಗ್ಗು ಬಟಾಣಿ ಗಾತ್ರಕ್ಕೆ ಬರುವಷ್ಟರಲ್ಲಿ ಮಾರ್ಚ್ ಬಿಸಿಲು. ಅಲ್ಲೇ ಕಪ್ಪಾಗಿ ನಿಂತವು. ಎರಡನೇ ವರ್ಷದಿಂದ ಸೆಪ್ಟೆಂಬರ್‌ನಲ್ಲೇ, ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ, ನೀರು ನಿಲ್ಲಿಸಿ, ಹಳದಿಯಾದ ದಂಟು ಕತ್ತರಿಸಿ, ತಿಂಗಳ ಕೊನೆಗೆ ಫ್ರಿಜ್‌ಗೆ ಹಾಕುತ್ತೇನೆ. ಡಿಸೆಂಬರ್ ಮೊದಲ ವಾರ ಹೊರಗೆ. ಹೊರಗಿನ ಗಾಳಿ ಆಗ ಪುಣೆಯಲ್ಲಿ ಇರುವುದರಲ್ಲೇ ತಣ್ಣಗಿರುತ್ತದೆ, ಗಿಡ ಬೆಳೆಯುವುದು, ಮೊಗ್ಗು ಬಲಿಯುವುದು ಎಲ್ಲಾ ಆ ತಂಪಿನಲ್ಲೇ ಮುಗಿಯುತ್ತದೆ. ಗಡ್ಡೆ ಅದೇ, ಕುಂಡ ಅದೇ, ಬದಲಾಗಿದ್ದು ತಿಂಗಳು ಮಾತ್ರ.

ನೆಡುವ ಆಳವೂ ಇಲ್ಲಿ ಬೇರೆ. ಚಳಿ ದೇಶದವರು ಕಣ್ಣಿನ ಮೇಲೆ 5 ಸೆಂಟಿಮೀಟರ್ ಮಣ್ಣು ಹಾಕಿ ಅನ್ನುತ್ತಾರೆ. ನಮ್ಮ ಕಡೆ 2 ಸೆಂಟಿಮೀಟರ್ ಸಾಕು, ಅದಕ್ಕಿಂತ ಕಡಿಮೆ ಆದರೂ ನಡೆಯುತ್ತದೆ. ಆಳವಾಗಿ ನೆಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಇಲ್ಲಿನ ನರ್ಸರಿಯವರು ‘ಲಾಲ್ ಮಾತಿ’ ಅಂತ ಕೊಡುವ ಕೆಮ್ಮಣ್ಣು, ಅದಕ್ಕೆ ಕಾಲು ಭಾಗ ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ, ಒಂದು ಹಿಡಿ ಎಲುಬಿನ ಪುಡಿ. ಕೋಕೋಪೀಟ್ ನೆಡುವಾಗ ಬೇಡ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಯೂರಿಯಾ ಅಂತೂ ಬೇಡವೇ ಬೇಡ. ಕುಂಡ ಒಂದೂವರೆ ಅಡಿ ಆಳದ್ದಿದ್ದರೆ ಒಳ್ಳೆಯದು, ಆದರೆ ಅದು ಫ್ರಿಜ್‌ನಲ್ಲಿ ಹಿಡಿಯಬೇಕು, ಹಾಗಾಗಿ ಮೊದಲು ಫ್ರಿಜ್ ಅಳತೆ ತೆಗೆದು ಆಮೇಲೆ ಕುಂಡ ತನ್ನಿ.

ಹೂವಿನ ಬಗ್ಗೆ ಹೇಳದಿದ್ದರೆ ಇಷ್ಟೆಲ್ಲಾ ಯಾಕೆ ಮಾಡುತ್ತೇನೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಮೊಳಕೆ ಹೊರಬರುವಾಗ ಬೀಟ್‌ರೂಟ್ ಕೆಂಪು. ಮುಷ್ಟಿ ಹಿಡಿದ ಹಾಗೆ ಮಡಚಿಕೊಂಡಿರುತ್ತದೆ, ದಿನದಿಂದ ದಿನಕ್ಕೆ ಬಿಚ್ಚುತ್ತಾ ಹಸಿರಾಗುತ್ತದೆ. ಫೆಸ್ಟಿವಾ ಮ್ಯಾಕ್ಸಿಮಾ ಮೊದಲ ಸಲ ಅರಳಿದ್ದು ಎರಡನೇ ವರ್ಷದ ಫೆಬ್ರವರಿಯಲ್ಲಿ. ಬೆಳಿಗ್ಗೆ ಹೊರಗಿನ ಎಸಳು ಮಾತ್ರ ಸಡಿಲಾಗಿದ್ದವು, ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಅಂಗೈ ತುಂಬುವಷ್ಟು. ಅಚ್ಚ ಬಿಳಿ, ಒಳಗೆ ಎಸಳಿನ ಮೇಲೆ ಎಸಳು, ನಟ್ಟನಡುವಿನ ಎರಡು ಮೂರು ಎಸಳಿನ ಅಂಚಿನಲ್ಲಿ ಮಾತ್ರ ಕಡುಗೆಂಪು ಗೀರು. ಆ ಗೀರು ಈ ಜಾತಿಯ ಗುರುತು. ವಾಸನೆ ಗುಲಾಬಿಯದೂ ಅಲ್ಲ, ಸುಗಂಧರಾಜದ್ದೂ ಅಲ್ಲ, ತಣ್ಣಗೆ ಸಿಹಿಯಾಗಿರುತ್ತದೆ, ಹತ್ತಿರ ಹೋದರೆ ಮಾತ್ರ ಬರುತ್ತದೆ. ಸಾರಾ ಬರ್ನ್‌ಹಾರ್ಟ್ ಅದರ ಮುಂದಿನ ವರ್ಷ ಬಿಟ್ಟಿತು, ಹೂ ಭಾರಕ್ಕೆ ದಂಟು ಬಾಗುತ್ತದೆ, ಕೋಲು ಕಟ್ಟಲೇಬೇಕು. ಗಿಡ ಚಿಕ್ಕದಿರುವಾಗ ಎರಡು ಮೂರು ವರ್ಷ ಹೂ ಕಡಿಮೆ, ಗಾತ್ರವೂ ಕಡಿಮೆ. ಚಳಿ ದೇಶದಲ್ಲೂ ಹಾಗೆಯೇ, ಅದಕ್ಕೆ ಗಡ್ಡೆಯನ್ನೋ ಅಂಗಡಿಯನ್ನೋ ದೂರುವುದು ಸರಿಯಲ್ಲ.

ಮೊಗ್ಗು ಬಲಿತಾಗ ಅದರ ಹಸಿರು ಕವಚದ ಅಂಚಿನಲ್ಲಿ ಅಂಟಂಟಾದ ಸಣ್ಣ ಹನಿಗಳು ಬರುತ್ತವೆ. ಅದಕ್ಕೆ ಇರುವೆ ಸಾಲುಗಟ್ಟುತ್ತವೆ. ಪಕ್ಕದ ಮನೆ ಕಾಕು ನೋಡಿ, ‘ಅಯ್ಯ, ಇಷ್ಟು ಇರುವೆ ಹತ್ಯಾವಲ್ಲವ್ವಾ, ಔಷಧಿ ಹೊಡೀ ಲಗೂನ’ ಅಂದರು. ಹೊಡೆಯಬೇಡಿ. ಇರುವೆ ಆ ಸಿಹಿ ನೆಕ್ಕಿಕೊಂಡು ಹೋಗುತ್ತವೆ, ಮೊಗ್ಗಿಗೆ ಏನೂ ಮಾಡುವುದಿಲ್ಲ. ಇರುವೆ ಬಂದರೆ ಮಾತ್ರ ಪಿಯೋನಿ ಅರಳುತ್ತದೆ ಅನ್ನುವವರೂ ಇದ್ದಾರೆ, ಅದೂ ನಿಜವಲ್ಲ. ನಿಜವಾಗಿ ಕಣ್ಣಿಡಬೇಕಾದದ್ದು ದಾಸವಾಳದಿಂದ ದಾಟಿ ಬರುವ ಬಿಳಿ ಹಿಟ್ಟುತಿಗಣೆಯ ಮೇಲೆ. ಹತ್ತಿಗೆ ಬೇವಿನೆಣ್ಣೆ ಅದ್ದಿ ಒರೆಸುತ್ತೇನೆ.

ಹೂ ಮುಗಿದ ಮೇಲಿನ ಕೆಲಸವೇ ಕಷ್ಟದ್ದು. ಮುಂದಿನ ವರ್ಷದ ಹೂವಿಗೆ ಬೇಕಾದ ಶಕ್ತಿಯನ್ನು ಗಡ್ಡೆಗೆ ತುಂಬುವುದು ಎಲೆಗಳೇ. ಎಲೆ ಎಷ್ಟು ತಿಂಗಳು ಹಸಿರಾಗಿ ಉಳಿಯುತ್ತದೋ ಅಷ್ಟು ಲಾಭ. ಏಪ್ರಿಲ್‌ನಲ್ಲಿ ಪುಣೆ ನಲವತ್ತರ ಹತ್ತಿರ ಹೋಗುತ್ತದೆ, ಎಲೆಯ ಅಂಚು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಹಸಿರು ಶೇಡ್ ನೆಟ್, ಕುಂಡಕ್ಕೆ ಸುತ್ತಲೂ ಒದ್ದೆ ಗೋಣಿಚೀಲ, ಮಣ್ಣಿನ ಮೇಲೆ ಒಣ ಎಲೆ. ಜೂನ್‌ನಲ್ಲಿ ಮಳೆ ಶುರುವಾದರೆ ಇನ್ನೊಂದು ಚಿಂತೆ. ವಾರಗಟ್ಟಲೆ ಒದ್ದೆ ಗಾಳಿ, ಬೂದು ಬೂಷ್ಟು ಹತ್ತಿ ದಂಟಿನ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಕೆಂಪಿನ ಕಾರ್ಲ್ ರೋಸೆನ್‌ಫೀಲ್ಡ್ ಹೋದದ್ದು ಹೀಗೆಯೇ, ಮೊದಲ ಮಳೆಗಾಲದಲ್ಲೇ, ಹೂ ನೋಡಲೇ ಇಲ್ಲ. ತುಂಬಾ ಬೇಜಾರಾಯಿತು. ಉಳಿದೆರಡನ್ನು ಆಗಿನಿಂದ ಮಳೆ ಹನಿ ತಾಗದ ಕಡೆ, ಗೋಡೆಯಿಂದ ದೂರ, ಗಾಳಿ ಆಡುವಲ್ಲಿ ಇಡುತ್ತೇನೆ. ಕಪ್ಪಾದ ಎಲೆ ಕಂಡ ದಿನವೇ ಕತ್ತರಿಸಿ ಕಸಕ್ಕೆ ಹಾಕಬೇಕು, ಗೊಬ್ಬರದ ಡಬ್ಬಿಗೆ ಬೇಡ, ರೋಗ ಅಲ್ಲೇ ಉಳಿಯುತ್ತದೆ. ಮುಂಬೈ, ಗೋವಾದಲ್ಲಿರುವವರಿಗೆ ನನ್ನ ಸಲಹೆ ಒಂದೇ, ಪಿಯೋನಿ ಬೇಡ. ಅಲ್ಲಿ ಡಿಸೆಂಬರ್‌ನ ತಂಪೂ ಇಲ್ಲ, ಮಳೆ ಇಲ್ಲಿಗಿಂತ ಎಷ್ಟೋ ಪಟ್ಟು.

ಇನ್ನೊಂದು ಎಚ್ಚರಿಕೆ, ಬೀಜದ ಬಗ್ಗೆ. ನೂರು ಇನ್ನೂರು ರೂಪಾಯಿಗೆ ‘ನೀಲಿ ಪಿಯೋನಿ ಬೀಜ’, ‘ಕಾಮನಬಿಲ್ಲು ಪಿಯೋನಿ ಬೀಜ’ ಅಂತ ಬೇಕಾದಷ್ಟು ಕಡೆ ಮಾರುತ್ತಾರೆ. ನೀಲಿ ಪಿಯೋನಿ ಅನ್ನುವುದೇ ಇಲ್ಲ. ನಿಜವಾದ ಬೀಜ ಆದರೂ ಮೊದಲು ಬೆಚ್ಚಗಿನ ಕಾಲದಲ್ಲಿ ಬೇರು, ಆಮೇಲೆ ಚಳಿ ತಾಗಿದ ಮೇಲೆ ಮೊಳಕೆ, ಹೂ ನೋಡಲು ನಾಲ್ಕೈದು ವರ್ಷ. ತಾಯಿ ಗಿಡದಂಥದ್ದೇ ಹೂ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ದುಡ್ಡು ಹಾಕುವುದಾದರೆ ಗಡ್ಡೆಗೇ ಹಾಕಿ.

ಖರ್ಚು ಕೇಳಿದರೆ, ಗಡ್ಡೆ ಒಂದಕ್ಕೆ ಸಾವಿರ ರೂಪಾಯಿಯ ಹತ್ತಿರ ಆಯಿತು. ಅದು ಸಣ್ಣ ಖರ್ಚು. ವರ್ಷದಲ್ಲಿ ಎರಡು ತಿಂಗಳು ಮೇಲೆ ಒಂದು ಫ್ರಿಜ್ ಓಡಿಸುವುದು, ಅದನ್ನು ಇಡಲು ಜಾಗ, ಇವೇ ದೊಡ್ಡವು. ಮದುವೆ ಸೀಸನ್‌ನಲ್ಲಿ ಹೊರದೇಶದ ಪಿಯೋನಿ ಇಲ್ಲಿನ ದೊಡ್ಡ ಹೂವಿನಂಗಡಿಗಳಲ್ಲಿ ಸಿಗುತ್ತದೆ, ಒಂದು ದಂಟಿಗೆ ನೂರಾರು ರೂಪಾಯಿ. ಬರೀ ಹೂದಾನಿಗೆ ಬೇಕು ಅನ್ನುವವರಿಗೆ ಅದೇ ಅಗ್ಗ. ದೊಡ್ಡ, ಎಸಳು ತುಂಬಿದ ಹೂ ಬಾಲ್ಕನಿಯಲ್ಲೇ ಬೇಕು, ಇಷ್ಟು ಸೇವೆ ಮಾಡಲು ಆಗುವುದಿಲ್ಲ ಅನ್ನುವವರು ಡೇಲಿಯಾ ಹಾಕಿ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಹೂವಿನ ಪ್ರದರ್ಶನಕ್ಕೆ ಹೋದರೆ ಪುಣೆಯ ಹವೆಯಲ್ಲಿ ಡೇಲಿಯಾ ಎಷ್ಟು ದೊಡ್ಡದಾಗಿ ಬರುತ್ತದೆ ಅಂತ ನೀವೇ ನೋಡಬಹುದು. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಪಿಯೋನಿ ಅವುಗಳ ಬಾಯಿಗೆ ಸಿಗದಂತೆ ಇಡಬೇಕು, ತಿಂದರೆ ವಾಂತಿ ಭೇದಿ ಆಗುತ್ತದೆ.

ಗಡ್ಡೆಯ ಗುಣಕ್ಕೆ ನಾನು 5ಕ್ಕೆ 4 ಕೊಡುತ್ತೇನೆ, ಪ್ಯಾಕಿಂಗ್‌ಗೆ 5, ಅವರು ಬರೆದ ಮಾಹಿತಿಗೆ 1. ಫ್ರಿಜ್‌ನಲ್ಲಿ ಜಾಗ ಇದೆ, ಪೂರ್ವದ ಬಿಸಿಲು ಇದೆ, ಎರಡು ವರ್ಷ ಕಾಯುವ ಮನಸ್ಸಿದೆ ಅನ್ನುವವರು ಖಂಡಿತ ತರಿಸಿ. ಮೊದಲು ಫೆಸ್ಟಿವಾ ಒಂದೇ ತರಿಸಿ ನೋಡಿ, ಬೇಗ ಅರಳುವ ಜಾತಿ, ಬಿಸಿಲೂರಿಗೆ ಅದೇ ವಾಸಿ. ದುಡ್ಡು ಕಟ್ಟುವ ಮುಂಚೆ ಮಾರುವವರಿಗೆ ಮೂರು ವಿಷಯ ಬರೆದು ಕೇಳಿ: ಎಷ್ಟು ಕಣ್ಣು, ಯಾವ ತಿಂಗಳು ಕಿತ್ತದ್ದು, ಈಗಾಗಲೇ ಎಷ್ಟು ವಾರ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು. ಮೂರನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮೊದಲ ವರ್ಷ ಅಷ್ಟು ವಾರ ನಿಮ್ಮ ಫ್ರಿಜ್‌ನಲ್ಲಿ ಇಡುವುದು ಉಳಿಯುತ್ತದೆ.